ಕಿಂಗ್ ಅವರ ಭಾಷಣ, ವಿದ್ಯಾರ್ಥಿನಿಯ ದನಿ

ಪತ್ರ: ಭಾಷಣ ಸ್ಪರ್ಧೆಯೊಂದರಲ್ಲಿ ನಮ್ಮ ವಿದ್ಯಾರ್ಥಿನಿ, ಅಮೆರಿಕದ ಕರಿಯರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ‘ನನಗೊಂದು ಕನಸಿದೆ’ ಭಾಷಣದ ಧ್ವನಿಮುದ್ರಣವನ್ನು ಕೇಳಿ ಕೇಳಿ, ಐದು ನಿಮಿಷದ ಭಾಗವನ್ನು ಅದೇ ಧಾಟಿಯಲ್ಲಿ ಒಪ್ಪಿಸಿದಳು. ತೀರ್ಪುಗಾರರು ‘ಮಿಮಿಕ್ರಿಯಾಯಿತು’ ಎಂದರು. ವಿಶ್ಲೇಷಣೆಯ ಸುತ್ತಿನಲ್ಲಿ ಅಲಂಕಾರಗಳನ್ನೆಲ್ಲ ಗುರುತಿಸಿದರೂ ಅಂಕ ಬರಲಿಲ್ಲ. ಎಡವಿದ್ದೆಲ್ಲಿ?
— ಒಬ್ಬ ಶಿಕ್ಷಕಿ

ಉತ್ತರ: ಎರಡು ಸುತ್ತಿನಲ್ಲೂ ಎಡವಿದ್ದು ಒಂದೇ ಕಡೆ. ಭಾಷಣ ಹೇಗೆ ಕೇಳಿಸುತ್ತದೆ ಎಂಬುದನ್ನು ಆಕೆ ಚೆನ್ನಾಗಿ ಹಿಡಿದಿದ್ದಾಳೆ. ಆ ಮಾತನ್ನು ಅಂದು, ಅಲ್ಲಿ, ಅವರಿಗೇ ಏಕೆ ಹೇಳಬೇಕಾಯಿತು ಎಂಬುದು ಕೈಬಿಟ್ಟಿದೆ. ಆದ್ದರಿಂದ ವಿಶ್ಲೇಷಣೆ ಮೊದಲು ಮುಗಿಯಲಿ, ಕಂಠಪಾಠ ಆಮೇಲೆ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ.

‘ಇಲ್ಲಿ ಪುನರಾವರ್ತನೆ ಇದೆ, ಅಲ್ಲಿ ರೂಪಕ ಇದೆ’ ಎನ್ನುವುದು ಪಟ್ಟಿ, ವಿಶ್ಲೇಷಣೆಯಲ್ಲ. ಒಂದು ಉದಾಹರಣೆ ನೋಡಿ. ಗುಲಾಮಗಿರಿಯ ವಿಷಯಕ್ಕೆ ಅಂತರ್ಯುದ್ಧ ನಡೆಯುತ್ತಿದ್ದಾಗ ಅಮೆರಿಕದ ಅಧ್ಯಕ್ಷ ಲಿಂಕನ್ 1863ರ ನವೆಂಬರ್ 19ರಂದು ರಣಭೂಮಿಯಾಗಿದ್ದ ಗೆಟ್ಟಿಸ್‌ಬರ್ಗ್‌ನಲ್ಲಿ ಆಡಿದ ಮಾತು ಶುರುವಾಗುವುದೇ ‘87 ವರ್ಷಗಳ ಹಿಂದೆ’ ಎಂಬ ಲೆಕ್ಕದಿಂದ. ಕಳೆದು ನೋಡಿ, 1776 ಬರುತ್ತದೆ. ಅದು ‘ಎಲ್ಲರೂ ಸಮಾನರು’ ಎಂದ ಸ್ವಾತಂತ್ರ್ಯ ಘೋಷಣೆಯ ವರ್ಷ. ಗುಲಾಮಗಿರಿಗೆ ಜಾಗ ಬಿಟ್ಟುಕೊಟ್ಟ ಸಂವಿಧಾನ ರಚನೆಯಾದದ್ದು 1787ರಲ್ಲಿ. ಯಾವ ವರ್ಷದಿಂದ ಎಣಿಸಿದರು ಎಂಬುದರಲ್ಲೇ ಅವರ ವಾದವೆಲ್ಲ ಅಡಗಿದೆ. ಹೀಗೆ ಒಂದು ಆಯ್ಕೆಯನ್ನು ಹಿಡಿದು, ಬೇರೆಯದನ್ನು ಆರಿಸಿದ್ದರೆ ಏನು ತಪ್ಪಿಹೋಗುತ್ತಿತ್ತು ಎಂದು ತೋರಿಸಿದರೆ ತೀರ್ಪುಗಾರರು ತಲೆಯೆತ್ತಿ ನೋಡುತ್ತಾರೆ. ಹತ್ತು ಅಲಂಕಾರಗಳ ಹೆಸರಿಗಿಂತ ಇಂಥ ಎರಡು ಸಾಕು.

ಈಗ ಕಿಂಗ್ ಭಾಷಣ. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ, ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಸುಮಾರು 17 ನಿಮಿಷ ಆಡಿದ್ದು. ಐದು ನಿಮಿಷಕ್ಕೆ ಇಳಿಸುವಾಗ ಎಲ್ಲರೂ ಕನಸಿನ ಭಾಗವನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಅಲ್ಲೇ ತಪ್ಪುವುದು. ಮೊದಲ ಭಾಗದಲ್ಲಿ ದೇಶವು ಕರಿಯರಿಗೆ ಕೊಟ್ಟ, ಸಮಾನತೆಯ ಭರವಸೆಯೆಂಬ ಚೆಕ್ಕು ಹಣವಿಲ್ಲದೆ ವಾಪಸಾಯಿತು ಎಂಬ ಮಾತಿದೆ. ಆ ಬಾಕಿಯ ಮಾತು ಇಲ್ಲದಿದ್ದರೆ ಕನಸು ಬರೀ ಹಾರೈಕೆಯಾಗುತ್ತದೆ. ಚೆಕ್ಕಿನ ಭಾಗಕ್ಕೆ ಒಂದೂವರೆ ನಿಮಿಷ, ಕನಸಿಗೆ ಎರಡು, ಕೊನೆಗೆ ಒಂದು ಇಟ್ಟುಕೊಳ್ಳಿ. ಉಳಿದ ಅರ್ಧ ನಿಮಿಷ ಚಪ್ಪಾಳೆಗೂ ಉಸಿರಿಗೂ ಬೇಕು. ಸಾಲುಗಳನ್ನು ಬಿಡಬಹುದು, ನಡುವೆ ಹೊಸ ಪದ ಸೇರಿಸಬಾರದು. ಕತ್ತರಿಸಿದ್ದನ್ನು ಭಾಷಣ ಗೊತ್ತಿಲ್ಲದವರ ಮುಂದೆ ಓದಿ. ‘ಇದು ಎಲ್ಲಿಂದ ಬಂತು?’ ಎಂದು ಅವರು ಕೇಳಿದ ಕಡೆ ಹೊಲಿಗೆ ಬಿಟ್ಟಿದೆ ಎಂದರ್ಥ.

ಕನಸಿನ ಭಾಗ ಕಿಂಗ್ ಸಿದ್ಧಪಡಿಸಿ ತಂದ ಪ್ರತಿಯಲ್ಲಿ ಇರಲಿಲ್ಲ, ವೇದಿಕೆಯಲ್ಲೇ ಬಂದದ್ದು. ನಿಮ್ಮ ವಿದ್ಯಾರ್ಥಿನಿಗೆ ಇದಕ್ಕಿಂತ ಒಳ್ಳೆಯ ಸುಳಿವು ಸಿಗದು. ಅಲ್ಲಿಯವರೆಗೆ ತೂಗಿದ ಮಾತು, ನಿಧಾನದ ನಡೆ. ಆಮೇಲೆ ಸಡಿಲವಾದ ದನಿ, ಸಭೆಯ ಮೇಲೇ ನೆಟ್ಟ ಕಣ್ಣು. ಈ ತಿರುವು ಆಕೆಯದೇ ದನಿಯಲ್ಲಿ ಬಂದರೆ ಕಿಂಗ್ ಅವರ ಕಂಪಿಸುವ ಸ್ವರವನ್ನು ನಕಲು ಮಾಡುವ ಗೊಡವೆಯೇ ಇಲ್ಲ. (ತಾಲೀಮು ಶುರುವಾದ ಮೇಲೆ ಧ್ವನಿಮುದ್ರಣ ಕೇಳುವುದನ್ನು ಪೂರ್ತಿ ನಿಲ್ಲಿಸಿ.)

‘ನನಗೊಂದು ಕನಸಿದೆ’ ಎಂಬ ಸಾಲು ಎಂಟು ಸಲ ಬರುತ್ತದೆ. ಪ್ರತಿ ಸಲವೂ ದನಿ ಏರಿಸಿದರೆ ನಾಲ್ಕನೆಯದಕ್ಕೇ ಗಂಟಲು ಕಟ್ಟುತ್ತದೆ, ಮುಂದಿನವೆಲ್ಲ ಬರೀ ಕೂಗು. ಒತ್ತು ಬೀಳಬೇಕಾದದ್ದು ಆ ಸಾಲಿಗಲ್ಲ, ಅದರ ನಂತರ ಬರುವ ಹೊಸ ಚಿತ್ರಕ್ಕೆ. ಕಿಂಗ್ ತಮ್ಮ ನಾಲ್ಕು ಮಕ್ಕಳ ಬಗ್ಗೆ ಆಡಿದ ಮಾತು ಬಂದಾಗ ದನಿ ಇಳಿಯಲಿ. ಏರಿಸಲು ಮುಂದೆ ಜಾಗ ಇದೆ.

ಕೈಸನ್ನೆ ಇಡೀ ಭಾಷಣಕ್ಕೆ ಮೂರು ನಾಲ್ಕು ಸಾಕು. ನಡುವೆ ಸಾಲು ಮರೆತರೆ ಹಿಂದಿನ ವಾಕ್ಯಕ್ಕೆ ಮರಳದೆ ಮುಂದಿನ ಪ್ಯಾರಾದ ಮೊದಲ ಸಾಲಿಗೆ ಹೋಗಲಿ. ಅದಕ್ಕೆಂದೇ ಪ್ರತಿ ಪ್ಯಾರಾದ ಮೊದಲ ಸಾಲುಗಳನ್ನು ಬೇರೆಯಾಗಿ ಬರೆದು, ಯಾವ ಸಾಲಿನಿಂದ ಬೇಕಾದರೂ ಶುರುಮಾಡುವಂತೆ ಕ್ರಮ ತಪ್ಪಿಸಿ ಅಭ್ಯಾಸ ಮಾಡಿಸಿ.
— ಸಂ.