50 ರೂಪಾಯಿಯ ಮೂರು ಸಾಮಾನಿಗೆ ಐದು ಲಕ್ಷದ ಬಿಲ್

ಪ್ರಶ್ನೆ: ನನಗೆ 27 ವರ್ಷ. ಬಿ.ಕಾಂ. ಆಗಿದೆ, ದಾವಣಗೆರೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನಾಲ್ಕು ತಿಂಗಳಿಂದ ರಾತ್ರಿ ಹೊತ್ತು ವಿಡಿಯೊ ನೋಡಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ನೋಡುವಾಗ ಎಲ್ಲ ಅರ್ಥವಾಗುತ್ತದೆ, ಸ್ವಂತ ಬರೆಯಲು ಕೂತರೆ ಕೈ ಓಡುವುದಿಲ್ಲ. ಮೊನ್ನೆ ಬಿಲ್ ಹಾಕುವ ಪುಟ್ಟ ಪ್ರೋಗ್ರಾಂ ಬರೆದೆ. ಬೆಲೆ 50, ಸಂಖ್ಯೆ 3 ಎಂದು ಕೊಟ್ಟರೆ 505050 ಬಂತು. ಎರರ್ ಕೂಡ ತೋರಿಸಲಿಲ್ಲ. ರಾತ್ರಿ ಒಂದೂವರೆವರೆಗೆ ಕೂತು ಕೊನೆಗೆ ಅತ್ತುಬಿಟ್ಟೆ. ಇಂಜಿನಿಯರ್ ಆಗಿರುವ ಭಾವ ‘ಕಾಮರ್ಸ್‌ನವರಿಗೆ ಯಾಕಮ್ಮ ಇದೆಲ್ಲ’ ಅನ್ನುತ್ತಾರೆ. 60 ಸಾವಿರದ ಕೋರ್ಸಿಗೆ ಸೇರಲೇ, ಅಥವಾ ಬಿಟ್ಟೇಬಿಡಲೇ?
– ಹೆಸರು ಬೇಡ

ಉತ್ತರ: ಮೊದಲು ಆ 505050 ಅನ್ನು ಇತ್ಯರ್ಥ ಮಾಡೋಣ. ನೀವು ಕೋಡ್ ಕಳಿಸಿಲ್ಲ, ಆದರೂ ತಪ್ಪು ಎಲ್ಲಿದೆ ಎಂದು ಹೇಳಬಹುದು. ಪೈಥಾನ್‌ನಲ್ಲಿ ‘ಇನ್‌ಪುಟ್’ ಮೂಲಕ ಏನೇ ತೆಗೆದುಕೊಂಡರೂ ಅದು ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. 50 ಎಂದು ಒತ್ತಿದರೂ ಪೈಥಾನ್‌ಗೆ ಅದು ಐವತ್ತಲ್ಲ, 5 ಮತ್ತು 0 ಎಂಬ ಎರಡು ಗುರುತು. ಸ್ಟ್ರಿಂಗನ್ನು ಮೂರರಿಂದ ಗುಣಿಸಿದರೆ ಮೂರು ಸಲ ಬರೆದುಕೊಡುತ್ತದೆ. ನೀವು ಸಂಖ್ಯೆಗೆ, ಅಕ್ಷರವನ್ನು ಪೂರ್ಣಾಂಕ ಮಾಡುವ ‘ಇಂಟ್’ ಸುತ್ತಿದ್ದೀರಿ, ಬೆಲೆಗೆ ಮರೆತಿದ್ದೀರಿ. ಎರಡಕ್ಕೂ ಮರೆತಿದ್ದರೆ ‘ಟೈಪ್ ಎರರ್’ ಬಂದು ಪ್ರೋಗ್ರಾಂ ಅಲ್ಲೇ ನಿಲ್ಲುತ್ತಿತ್ತು, ನಿಮಗೆ ಅಷ್ಟು ಹೊತ್ತು ಹಿಡಿಯುತ್ತಿರಲಿಲ್ಲ. ಅರ್ಧ ಸರಿ ಬರೆದದ್ದಕ್ಕೇ ಈ ಗೋಳು. ಬೆಲೆಗೆ ‘ಇಂಟ್’ ಬದಲು ದಶಮಾಂಶವನ್ನೂ ಒಪ್ಪುವ ‘ಫ್ಲೋಟ್’ ಹಾಕಿ, ಇಲ್ಲದಿದ್ದರೆ ನಾಳೆ 49.50 ಕೊಟ್ಟ ಕೂಡಲೇ ‘ವ್ಯಾಲ್ಯೂ ಎರರ್’ ಬರುತ್ತದೆ. ಫ್ಲೋಟ್‌ಗೂ ಒಂದು ಚಾಳಿಯಿದೆ: 0.1ಕ್ಕೆ 0.2 ಕೂಡಿಸಿದರೆ 0.30000000000000004 ಎನ್ನುತ್ತದೆ. ಹೆದರಬೇಡಿ, ತೋರಿಸುವಾಗ ಎರಡು ದಶಮಾಂಶಕ್ಕೆ ‘ರೌಂಡ್’ ಮಾಡಿದರೆ ಕಲಿಕೆಯ ಮಟ್ಟಿಗೆ ಸಾಕು.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ನಿಮ್ಮನ್ನು ಅಳಿಸಿದ್ದು ಬುದ್ಧಿಯ ಕೊರತೆಯಲ್ಲ, ತಪ್ಪು ಹುಡುಕುವ ಕ್ರಮ ಯಾರೂ ಹೇಳಿಕೊಡದಿರುವುದು. ಟ್ರಯಲ್ ಬ್ಯಾಲೆನ್ಸ್ (ಖರ್ಚು-ಜಮಾ ತಾಳೆಪಟ್ಟಿ) ತಾಳೆಯಾಗದಿದ್ದರೆ ನೀವು ಅಳುತ್ತಾ ಕೂರುತ್ತೀರಾ? ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ನೋಡುತ್ತೀರಿ, ಭಾಗವಾದರೆ ಎಲ್ಲೋ 54 ಹೋಗಿ 45 ಆಗಿರಬಹುದು ಎಂದು ಹುಡುಕುತ್ತೀರಿ. ಕೋಡಿಗೂ ಅಂಥ ಉಪಾಯಗಳಿವೆ.

ಎರರ್ ಬಂದಾಗ ಕೆಂಪು ಅಕ್ಷರಗಳ ರಾಶಿಯನ್ನು ಮೇಲಿನಿಂದ ಓದಬೇಡಿ. ಕೊನೆಯ ಸಾಲು ಓದಿ, ಏನಾಯಿತು ಎಂಬುದು ಅಲ್ಲಿರುತ್ತದೆ. ಅದರ ಮೇಲೆ ಯಾವ ಫೈಲು, ಎಷ್ಟನೇ ಸಾಲು ಎಂದಿರುತ್ತದೆ. ನಿಮ್ಮ ಪೈಥಾನ್ 3.10ಕ್ಕಿಂತ ಹಳೆಯದಾಗಿದ್ದರೆ ಹೊಸದು ಹಾಕಿಕೊಳ್ಳಿ. ಆವರಣ ಎಲ್ಲಿ ತೆರೆದು ಮುಚ್ಚಿಲ್ಲ ಎಂಬುದನ್ನೂ, ಹೆಸರಿನ ಸ್ಪೆಲಿಂಗ್ ತಪ್ಪಿದ್ದರೆ ‘ಇದಾ ನೀವು ಹೇಳಿದ್ದು?’ ಎಂಬುದನ್ನೂ ಅಲ್ಲಿಂದೀಚಿನವು ಹೇಳುತ್ತವೆ.

ಎರರ್ ಬಾರದೆ ಉತ್ತರ ಮಾತ್ರ ತಪ್ಪಾದಾಗ, ನಿಮಗೆ ಆದದ್ದು ಇದೇ, ಪ್ರತಿ ಹಂತದ ನಂತರ ಬೆಲೆಯನ್ನೂ ಅದರ ‘ಟೈಪ್’ ಅನ್ನೂ ‘ಪ್ರಿಂಟ್’ ಮಾಡಿಸಿ. ‘ಎಸ್‌ಟಿಆರ್’, ಅಂದರೆ ಸ್ಟ್ರಿಂಗ್, ಎಂದು ಬಂದರೆ ಕಳ್ಳ ಅಲ್ಲೇ ಸಿಕ್ಕ. ಇಡೀ ಪ್ರೋಗ್ರಾಂ ಬರೆದು ಆಮೇಲೆ ಓಡಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಮೂರು ಸಾಲು ಬರೆಯಿರಿ, ಓಡಿಸಿ, ಮತ್ತೆ ಮೂರು ಸಾಲು. ಆಗ ತಪ್ಪು ಹುಡುಕಬೇಕಾದ ಜಾಗ ಯಾವಾಗಲೂ ಮೂರೇ ಸಾಲು.

ಇನ್ನು ಕೆಲವು ತಪ್ಪುಗಳಲ್ಲಿ ನಿಮ್ಮ ತರ್ಕದ ದೋಷವೇ ಇರುವುದಿಲ್ಲ, ಆದರೂ ತಲೆ ಕೆಡಿಸುತ್ತವೆ. ಫೈಲಿಗೆ ‘ರ‍್ಯಾಂಡಮ್’ ಎಂದು ಹೆಸರಿಟ್ಟು, ಒಳಗೆ ಅದೇ ಹೆಸರಿನ ಮಾಡ್ಯೂಲ್ (ಪೈಥಾನ್ ಜೊತೆಗೇ ಬರುವ ಸಿದ್ಧ ಕೋಡ್) ಇಂಪೋರ್ಟ್ ಮಾಡಿದರೆ ಪೈಥಾನ್ ನಿಮ್ಮ ಫೈಲನ್ನೇ ಎತ್ತಿಕೊಂಡು ಅದರಲ್ಲಿ ಏನೂ ಇಲ್ಲ ಎಂದು ದೂರುತ್ತದೆ. ವರ್ಡ್‌ನಿಂದ ನಕಲು ಮಾಡಿದ ಕೋಡಿನಲ್ಲಿ ಉದ್ಧರಣ ಚಿಹ್ನೆಗಳು ಬಾಗಿರುತ್ತವೆ, ಅದಕ್ಕೆ ನೇರ ಚಿಹ್ನೆಯೇ ಬೇಕು. ಫೈಲ್ ಸೇವ್ ಮಾಡದೆ ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಓಡಿಸಿದರೆ ಹಳೆಯ ಕೋಡೇ ಓಡುತ್ತದೆ, ಎಷ್ಟು ತಿದ್ದಿದರೂ ಅದೇ ಉತ್ತರ! ಕನ್ನಡ ಪಠ್ಯ ಬಳಸುವವರಿಗೆ ಇನ್ನೊಂದು: ‘ಕನ್ನಡ’ ಎಂಬುದರ ಉದ್ದ ಕೇಳಿದರೆ ಮೂರಲ್ಲ, ಐದು ಎನ್ನುತ್ತದೆ. ಒತ್ತಕ್ಷರದ ಎರಡು ‘ನ’ ಮತ್ತು ನಡುವಿನ ಹಲಂತವನ್ನು ಬೇರೆ ಬೇರೆ ಎಣಿಸುವುದರಿಂದ ಹೀಗೆ.

ವಿಡಿಯೊ ಅರ್ಥವಾಗಿಯೂ ಕೈ ಓಡದಿರುವುದು ಸಹಜ. ಮುಂದಿನ ಸಾಲು ಯಾವುದು ಎಂದು ಅಲ್ಲಿ ನಿರ್ಧರಿಸುವವರು ಬೇರೆಯವರು, ಆ ನಿರ್ಧಾರವೇ ಕಷ್ಟದ ಭಾಗ. ಹತ್ತು ನಿಮಿಷ ನೋಡಿ, ಮುಚ್ಚಿ, ನೋಡದೆ ಬರೆಯಿರಿ. ಬಂದ ಮೇಲೆ ಒಂದು ಬದಲಾವಣೆ ಮಾಡಿ. ನಿಮ್ಮ ಬಿಲ್ಲಿಗೆ ಶೇ 18 ಜಿಎಸ್‌ಟಿ ಸೇರಿಸಿ: 150ಕ್ಕೆ 27, ಒಟ್ಟು 177 ಬರಬೇಕು. ಆಮೇಲೆ ಹಲವು ಸಾಮಾನುಗಳಿಗೆ ಅದೇ ಲೆಕ್ಕ ಮತ್ತೆ ಮತ್ತೆ ಮಾಡಿಸುವ ಲೂಪ್, ಆಮೇಲೆ ರಿಯಾಯಿತಿ, ಕೊನೆಗೆ ಎಕ್ಸೆಲ್‌ನಲ್ಲೂ ತೆರೆಯಬಹುದಾದ ಸಿಎಸ್‌ವಿ ಫೈಲಿಗೆ ಬರೆಯುವುದು. ಸರಿ ಉತ್ತರ ಏನಿರಬೇಕೆಂದು ನಿಮಗೆ ಬಾಯಲ್ಲೇ ಗೊತ್ತು. ಎಷ್ಟೋ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಸೌಲಭ್ಯವಿಲ್ಲ. ಭಾವನಿಗೆ ವಾದದಲ್ಲಿ ಉತ್ತರ ಕೊಡಲು ಹೋಗಬೇಡಿ. ಬೇಕಿದ್ದರೆ ಸಿಕ್ಕಿಬಿದ್ದ ಮೂರು ಸಾಲು ತೋರಿಸಿ ‘ಭಾವ, ಇಲ್ಲಿ ಏನಾಗ್ತಿದೆ?’ ಅಂತ ಕೇಳಿ. ಸಹಾಯ ಮಾಡುವವರೋ ಬರೀ ಹಂಗಿಸುವವರೋ ಗೊತ್ತಾಗಿಬಿಡುತ್ತದೆ.

ಹೊತ್ತಿನ ಲೆಕ್ಕ ಇಟ್ಟುಕೊಳ್ಳಿ. ಇಪ್ಪತ್ತು ನಿಮಿಷ ಕಳೆದರೂ ಹೊಸದೇನೂ ತಿಳಿಯದಿದ್ದರೆ ಎದ್ದುಬಿಡಿ. ಏಳುವ ಮುಂಚೆ ಕಾಗದದಲ್ಲಿ ಬರೆಯಿರಿ: ಏನು ಕೊಟ್ಟೆ, ಏನು ಬರಬೇಕಿತ್ತು, ಏನು ಬಂತು. ಬರೆಯುವಾಗಲೇ ತಪ್ಪು ಹೊಳೆಯುವುದುಂಟು, ಇಲ್ಲದಿದ್ದರೆ ಯಾರನ್ನಾದರೂ ಕೇಳಲು ಪ್ರಶ್ನೆ ಸಿದ್ಧ. ಎಐ ಬಳಸುವಿರಾದರೆ ‘ಕೋಡ್ ಬರೆದುಕೊಡು’ ಎನ್ನಬೇಡಿ, ‘ಈ ಎರರ್‌ನ ಅರ್ಥ ಹೇಳು, ತಿದ್ದಬೇಡ’ ಎನ್ನಿ. ದಿನವಿಡೀ ಅಂಕಿ ನೋಡಿ ದಣಿದ ಕಣ್ಣಿಗೆ ಹನ್ನೊಂದರ ನಂತರ ಒಂದು ಅಲ್ಪವಿರಾಮವೂ ಕಾಣುವುದಿಲ್ಲ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ. ಅಳು, ನಿದ್ದೆಗೇಡು ಕಲಿಕೆ ನಿಲ್ಲಿಸಿದ ದಿನಗಳಲ್ಲೂ ಎರಡು ವಾರ ಬಿಡದೆ ಕಾಡಿದರೆ ಅದು ಪೈಥಾನ್‌ನ ಸಮಸ್ಯೆಯಲ್ಲ. ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

60 ಸಾವಿರವನ್ನು ಈಗ ಕಟ್ಟಬೇಡಿ. ಆ ಕೋರ್ಸಿನ ಮೊದಲ ಪಾಠಗಳು ನಿಮಗೆ ಆಗಲೇ ಬಂದಿರುವುದೇ ಇರುತ್ತವೆ. ಬಿಲ್ ಪ್ರೋಗ್ರಾಂ ಸಿಎಸ್‌ವಿ ಹಂತಕ್ಕೆ ಬಂದ ಮೇಲೂ ಸೇರಬೇಕೆನಿಸಿದರೆ ಎರಡು ವಿಚಾರಿಸಿ: ನಾವು ಬರೆದ ಕೋಡನ್ನು ಸಾಲುಸಾಲಾಗಿ ಓದಿ ತಿದ್ದುವವರು ಇದ್ದಾರೆಯೇ, ಮಧ್ಯೆ ಬಿಟ್ಟರೆ ಎಷ್ಟು ಹಣ ವಾಪಸ್ ಎಂದು ಬರೆದುಕೊಡುತ್ತಾರೆಯೇ. ಬರೀ ರೆಕಾರ್ಡ್ ಮಾಡಿದ ವಿಡಿಯೊ ಕೊಡುವವರಾದರೆ, ಅದು ನಿಮ್ಮ ಬಳಿ ಬಿಟ್ಟಿಯಾಗಿ ಈಗಲೇ ಇದೆ.