ಕೀಮೋ ನಡೀತಿರುವಾಗ ಫೋಟೋಗ್ರಫಿ ಶುರು ಮಾಡಬಹುದಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕ್ಯಾನ್ಸರ್ ಟ್ರೀಟ್ಮೆಂಟ್ ಮಧ್ಯೆ ಫೋಟೋಗ್ರಫಿ ಕಲಿಯೋ ಬಗ್ಗೆನೇ ನಾಲ್ಕು ಪತ್ರ ಇದ್ವು, ಹಾಗಾಗಿ ಲೆನ್ಸು, ಎಡಿಟಿಂಗ್ ಅಂತ ಬಂದ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ಇಟ್ಟು ಇವನ್ನೇ ತಗೊಂಡಿದೀನಿ. ನಾನು ಫೋಟೋಗ್ರಫಿ ಕಲಿಸೋಳು, ಡಾಕ್ಟರ್ ಅಲ್ಲ, ಆದ್ರೆ ಕೀಮೋ, ರೇಡಿಯೇಷನ್ ಎರಡೂ ತಗೊಂಡೋಳು. ಔಷಧಿ ವಿಷಯದಲ್ಲಿ ಕೊನೇ ಮಾತು ನಿಮ್ಮ ಡಾಕ್ಟರದ್ದೇ.

ಪ್ರಶ್ನೆ: ನನಗೆ ಬ್ರೆಸ್ಟ್ ಕ್ಯಾನ್ಸರ್. ಆಪರೇಷನ್ ಆಗಿ ಕಂಕುಳಿನ ಲಿಂಫ್ ನೋಡ್ಸ್ (ಅಲ್ಲಿರೋ ಸಣ್ಣ ಗ್ರಂಥಿಗಳು) ಕೂಡ ತೆಗೆದಿದಾರೆ, ಈಗ ಕೀಮೋ ಅರ್ಧಕ್ಕೆ ಬಂದಿದೆ. ಮಗಳು "ಅಮ್ಮ, ಒಂದು ಒಳ್ಳೇ ಕ್ಯಾಮೆರಾ ಕೊಡಿಸ್ತೀನಿ, ಮನಸ್ಸಿಗೆ ಬೇರೆ ಏನಾದ್ರೂ ಸಿಗುತ್ತೆ" ಅಂತಿದಾಳೆ. ಹೂವು, ಎಲೆ ಅಂದ್ರೆ ನನಗೆ ಮೊದ್ಲಿಂದ ಇಷ್ಟ. ಆದ್ರೆ ಬೆರಳ ತುದಿ ಜೋಮು ಹಿಡಿದಂಗಿರುತ್ತೆ, ಸುಸ್ತು ಬೇರೆ, ಕೆಲವು ದಿನ ಎದ್ದು ಕೂರೋದೇ ಕಷ್ಟ. ಯಾವ ಕ್ಯಾಮೆರಾ ತಗೋಬೇಕು? ಈಗ್ಲೇ ಶುರು ಮಾಡ್ಲಾ, ಎಲ್ಲಾ ಮುಗೀಲಿ ಅಂತ ಕಾಯ್ಲಾ?

ಉತ್ತರ: ಈಗ್ಲೇ ಶುರು ಮಾಡಿ ಅಮ್ಮ, ಕಾಯೋದು ಬೇಡ. ಆದ್ರೆ ಹೊಸ ಕ್ಯಾಮೆರಾ ಮಾತ್ರ ಈಗ ಬೇಡ, ಮಗಳಿಗೆ ಸ್ವಲ್ಪ ತಡಿ ಅಂತ ಹೇಳಿ.

ಯಾಕೆ ಅಂದ್ರೆ ಟ್ರೀಟ್ಮೆಂಟ್ ನಡೀತಿರುವಾಗ ಕೈ, ಕಣ್ಣು, ಶಕ್ತಿ ಎಲ್ಲಾ ಬದಲಾಗ್ತಾ ಇರುತ್ತೆ, ಇವತ್ತಿನ ಕೈಗೆ ಸರಿಹೋಗೋ ಕ್ಯಾಮೆರಾ ಇನ್ನೆರಡು ತಿಂಗಳಿಗೆ ಭಾರ ಅನ್ಸಬಹುದು. ಚಿಕ್ಕ ಮಿರರ್‌ಲೆಸ್ ಕ್ಯಾಮೆರಾನೂ ಲೆನ್ಸ್ ಸೇರಿ ಸುಮಾರು ಅರ್ಧ ಕೇಜಿ ಮೇಲಿರುತ್ತೆ, ದೊಡ್ಡ ಜೂಮ್ ಹಾಕಿದ್ರೆ ಎರಡು ಕೇಜಿ ದಾಟುತ್ತೆ. ನೋಡ್ಸ್ ತೆಗೆದಿರೋ ಕಡೆ ಕೈಯಲ್ಲಿ ನೀರು ತುಂಬ್ಕೊಂಡು ಊದೋ ಸಾಧ್ಯತೆ ಇರುತ್ತೆ, ಅದಕ್ಕೇ ಲಿಂಫೆಡೀಮಾ ಅನ್ನೋದು. ಆ ಕೈಗೆ ಒಮ್ಮೆಲೇ ಭಾರ ಹೇರಬಾರ್ದು, ಬಿಗಿಯಾದ ಪಟ್ಟಿ ಆ ಭುಜದ ಮೇಲೆ ಒತ್ತಲೂ ಬಾರ್ದು. ಎಷ್ಟು ಭಾರ ಎತ್ತಬಹುದು ಅನ್ನೋದನ್ನ ಫಿಸಿಯೋಥೆರಪಿಸ್ಟ್ ಹತ್ರ ನೇರವಾಗಿ ಕೇಳಿ. "ಕ್ಯಾಮೆರಾ ಹಿಡಿಬಹುದಾ" ಅಂತ ಕೇಳಿದ್ರೆ ಹೂಂ ಅಂತಾರೆ ಅಷ್ಟೇ, "ಇಷ್ಟು ತೂಕ, ಇಷ್ಟು ಹೊತ್ತು, ಈ ಕೈಯಲ್ಲಿ" ಅಂತ ಕೇಳಿದ್ರೆ ಸರಿಯಾದ ಉತ್ತರ ಸಿಗುತ್ತೆ. ಎದೆ ಮೇಲೆ ಕೀಮೋ ಪೋರ್ಟ್ (ಔಷಧಿ ಹಾಕೋಕೆ ಚರ್ಮದ ಕೆಳಗೆ ಇಡೋ ಚಿಕ್ಕ ಸಾಧನ) ಇದ್ರೆ ಸ್ಟ್ರಾಪ್ ಅದರ ಮೇಲೆ ಉಜ್ಜದ ಹಾಗೆ ನೋಡ್ಕೋಬೇಕು.

ನಿಮ್ಮ ಫೋನೇ ಸಾಕು. ಬೆರಳು ಜೋಮು ಅಂದ್ರಲ್ಲ, ಕೀಮೋದ ಕೆಲವು ಔಷಧಿ, ಪ್ಯಾಕ್ಲಿಟ್ಯಾಕ್ಸೆಲ್ ತರದ್ದು, ನರಗಳ ತುದಿಗೆ ತೊಂದ್ರೆ ಕೊಡುತ್ತೆ, ಬಟನ್ ಒತ್ತಿದ್ವಾ ಇಲ್ವಾ ಅಂತಲೇ ಗೊತ್ತಾಗಲ್ಲ, ಹಿಡಿದಿದ್ದು ಜಾರೋದೂ ಉಂಟು. (ಜೋಮು ಜಾಸ್ತಿ ಆಗ್ತಿದ್ರೆ ಅದನ್ನ ಸಹಿಸ್ಕೊಂಡು ಸುಮ್ನಿರಬೇಡಿ, ಮುಂದಿನ ಕೀಮೋಗೆ ಮುಂಚೆ ಡಾಕ್ಟರಿಗೆ ಹೇಳಿ, ಡೋಸ್ ಬದಲಾಯಿಸೋ ಅವಕಾಶ ಅವರಿಗಿರುತ್ತೆ.) ಫೋನಿಗೆ ಕೈಗೆ ಸಿಕ್ಕಿಸ್ಕೊಳ್ಳೋ ದಾರ ಹಾಕಿ. ಸ್ಕ್ರೀನ್ ಮುಟ್ಟೋ ಬದ್ಲು ವಾಲ್ಯೂಮ್ ಬಟನ್ ಒತ್ತಿ ಫೋಟೋ ತೆಗೀರಿ, ಅದಕ್ಕೂ ಕೈ ನಡುಗಿದ್ರೆ ಫೋನನ್ನ ದಿಂಬಿಗೆ ಒರಗಿಸಿ ಮೂರು ಸೆಕೆಂಡ್ ಟೈಮರ್ ಹಾಕಿ. ಟೈಮರ್ ಇಟ್ರೆ ಒತ್ತುವಾಗಿನ ಅಲುಗಾಟ ಫೋಟೋಗೆ ಬರಲ್ಲ, ನುರಿತವರು ಕೂಡ ಟ್ರೈಪಾಡ್ ಮೇಲೆ ಹೀಗೇ ಮಾಡೋದು.

ಈಗ ನಾನು ಮುಖ್ಯ ಅಂದ್ಕೊಂಡಿರೋ ವಿಷಯ. ದಿನಾ ಒಂದು ಫೋಟೋ ಅಂತ ಚಾಲೆಂಜ್ ಹಾಕ್ಕೋಬೇಡಿ. ಎಲ್ರೂ ಇದನ್ನೇ ಹೇಳ್ತಾರೆ, ಆರೋಗ್ಯವಾಗಿರೋರಿಗೆ ಒಳ್ಳೇದೇ ಇರಬಹುದು, ಆದ್ರೆ ಕೀಮೋ ಆದ ಮೂರನೇ ದಿನ ವಾಂತಿ ಬರೋ ಹೊಟ್ಟೆ ಹಿಡ್ಕೊಂಡು ಮಲಗಿರೋರಿಗೆ "ಅಯ್ಯೋ ಇವತ್ತಿನ ಫೋಟೋ ತಪ್ಪಿತು" ಅನ್ನೋ ಬೇಜಾರು ಯಾಕೆ ಬೇಕು ಹೇಳಿ. ದಿನದ ಲೆಕ್ಕ ಬಿಟ್ಟು ಕೀಮೋ ಸೈಕಲ್ ಲೆಕ್ಕ ಹಿಡೀರಿ, ಅಂದ್ರೆ ಒಂದು ಕೀಮೋದಿಂದ ಮುಂದಿನ ಕೀಮೋವರೆಗಿನ ದಿನಗಳು. ನಿಮ್ಮದು ಮೂರು ವಾರಕ್ಕೊಮ್ಮೆ ಇರೋ ಕೀಮೋ ಅಂದ್ಕೊಳ್ಳೋಣ. ಮೊದಲ ನಾಲ್ಕೈದು ದಿನ ಏನೂ ತೆಗೀಬೇಡಿ, ಮನಸ್ಸು ಬಂದ್ರೆ ಹಿಂದೆ ತೆಗೆದಿದ್ದನ್ನ ಮಲ್ಕೊಂಡೇ ನೋಡಿ, ಚೆನ್ನಾಗಿಲ್ಲದ್ದನ್ನ ಅಳಿಸಿ, ಇದೂ ಫೋಟೋಗ್ರಫಿನೇ, ಆಯ್ಕೆ ಮಾಡೋದನ್ನ ಕಲಿಯೋದು ಅರ್ಧ ವಿದ್ಯೆ. ಕೀಮೋ ಜೊತೆ ಕೊಡೋ ಸ್ಟೀರಾಯ್ಡ್‌ಗೆ ಕೆಲವರಿಗೆ ರಾತ್ರಿ ನಿದ್ದೆ ಬರಲ್ಲ, ಆ ಹೊತ್ತಿಗೂ ಈ ಕೆಲಸ ಆಗುತ್ತೆ. ಆಮೇಲೆ ಸುಮಾರು 7ರಿಂದ 14ನೇ ದಿನದ ಒಳಗೆ ಬಿಳಿ ರಕ್ತಕಣ ತೀರಾ ಕಡಿಮೆ ಆಗಿರುತ್ತೆ, ಇನ್ಫೆಕ್ಷನ್ ಬೇಗ ತಗಲೋ ಟೈಮು, ಹಾಗಾಗಿ ಅವಾಗ ಮನೆಯೊಳಗೇ, ಕಿಟಕಿ ಹತ್ರ. ಕಣಗಳು ಮತ್ತೆ ಏರೋ ಮೂರನೇ ವಾರ ಹೊರಗೆ ಹೋಗಿ. ಔಷಧಿ ಬೇರೆ ಆದ್ರೆ ಈ ದಿನಗಳೂ ಬೇರೆ ಆಗುತ್ತೆ, ನಿಮ್ಮ ನರ್ಸ್ ಹತ್ರ ಕ್ಯಾಲೆಂಡರ್ ಮೇಲೆ ಗುರುತು ಹಾಕಿಸ್ಕೊಳ್ಳಿ.

ಕಿಟಕಿ ಅಂದ್ರೆ ಏನೋ ಕಡಿಮೆ ಅನ್ಕೋಬೇಡಿ. ಜೋಸೆಫ್ ಸುಡೆಕ್ ಅಂತ ಒಬ್ರು ಚೆಕ್ ಫೋಟೋಗ್ರಾಫರ್ ಇದ್ರು, ಮೊದಲನೇ ಮಹಾಯುದ್ಧದಲ್ಲಿ ಗಾಯ ಆಗಿ ಬಲಗೈ ಕಳ್ಕೊಂಡೋರು, ಅವರು 1940ರಿಂದ ಎಷ್ಟೋ ವರ್ಷ ಪ್ರಾಗ್‌ನ ತಮ್ಮ ಸ್ಟುಡಿಯೋ ಕಿಟಕಿಯನ್ನೇ ಮತ್ತೆ ಮತ್ತೆ ತೆಗೆದ್ರು. ಗಾಜಿನ ಮೇಲಿನ ಮಂಜು, ನೀರ ಹನಿ, ಆಚೆ ಒಂದು ಸೊಟ್ಟ ಮರ, ಕಿಟಕಿ ಕಟ್ಟೆ ಮೇಲೆ ಒಂದು ಗ್ಲಾಸು, ಅಷ್ಟೇ. ಜಗತ್ತು ಇವತ್ತಿಗೂ ಅವನ್ನ ನೋಡುತ್ತೆ. ನೀವು ಮಾಡಬೇಕಾದ್ದು ಇಷ್ಟೇ, ಟ್ಯೂಬ್‌ಲೈಟ್ ಆರಿಸಿ, ಎರಡು ಬಣ್ಣದ ಬೆಳಕು ಬೆರೆತ್ರೆ ಫೋಟೋ ಕೆಟ್ಟು ಕಾಣುತ್ತೆ. ವಸ್ತುವನ್ನ ಕಿಟಕಿಗೆ ಪಕ್ಕವಾಗಿಡಿ, ನೆರಳಿರೋ ಕಡೆ ಒಂದು ಬಿಳಿ ಕಾಗದ ನಿಲ್ಲಿಸಿ, ಕತ್ತಲೆ ಸ್ವಲ್ಪ ತಿಳಿಯಾಗುತ್ತೆ. ಸ್ಕ್ರೀನ್ ಮೇಲೆ ಒತ್ತಿ ಹಿಡಿದ್ರೆ ಫೋಕಸ್ ಲಾಕ್ ಆಗುತ್ತೆ, ಆಮೇಲೆ ಬೆರಳನ್ನ ಕೆಳಗೆ ಜಾರಿಸಿ ಬೆಳಕು ಒಂಚೂರು ಇಳಿಸಿ (ಕೆಲವು ಫೋನಲ್ಲಿ ಇದಕ್ಕೆ ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತೆ), ಹೂವಿನ ಎಸಳಿನ ಗೆರೆ ಎಲ್ಲಾ ಅವಾಗ ಕಾಣೋಕೆ ಶುರು ಆಗುತ್ತೆ. ಒಂದೇ ಎಲೆನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೆಗೆದು ನೋಡಿ, ಬೆಳಕು ಅಂದ್ರೇನು ಅಂತ ನಾನು ಕ್ಲಾಸಲ್ಲಿ ಗಂಟೆಗಟ್ಟಲೆ ಹೇಳೋದು ಅದ್ರಲ್ಲೇ ಇದೆ.

ಹೂವು ಇಷ್ಟ ಅಂದ್ರಲ್ಲ, ಎರಡು ಎಚ್ಚರ. ಹೂದಾನಿಯ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ, ಬಿಳಿಕಣ ಕಡಿಮೆ ಇರುವಾಗ ಆ ನೀರು ನೀವು ಮುಟ್ಟಬೇಡಿ, ಮಗಳು ಬದಲಾಯಿಸಲಿ. ತೋಟದಲ್ಲಿ ಕೊಳೆತ ಎಲೆ ರಾಶಿ, ಗೊಬ್ಬರ, ಅಣಬೆ ಹತ್ರ ಬಗ್ಗಿ ಕ್ಲೋಸಪ್ ತೆಗಿಯೋದೂ ಸದ್ಯಕ್ಕೆ ಬೇಡ, ಅಲ್ಲಿ ಆಸ್ಪರ್ಜಿಲಸ್ ಅನ್ನೋ ಬೂಷ್ಟಿನ ಕಣಗಳು ಗಾಳಿಗೆ ಏಳುತ್ತೆ, ಅದು ಶ್ವಾಸಕೋಶಕ್ಕೆ ಹೋಗೋದು ನಮ್ಮಂಥೋರಿಗೆ ಅಪಾಯ. ಮಣ್ಣು ಮುಟ್ಟದೆ, ನಿಂತ್ಕೊಂಡು, ಕೊಂಬೆ ಮೇಲಿನ ಹೂವು ತೆಗೀರಿ. ಸ್ಕ್ರೀನ್ ನೋಡ್ತಾ ಹಿಂದೆ ಹಿಂದೆ ಹೆಜ್ಜೆ ಇಡೋ ಅಭ್ಯಾಸ ನಮ್ಮೆಲ್ರಿಗೂ ಇದೆ, ಪ್ಲೇಟ್‌ಲೆಟ್ ಕಡಿಮೆ ಇರುವಾಗ ಬಿದ್ರೆ ರಕ್ತ ನಿಲ್ಲೋದು ನಿಧಾನ, ಅದನ್ನ ಬಿಟ್ಟುಬಿಡಿ. ಕುಕ್ಕರಗಾಲಲ್ಲಿ ಕೂತು ಥಟ್ಟನೆ ಏಳಬೇಡಿ, ತಲೆ ಸುತ್ತುತ್ತೆ. ಕೆಲವು ಔಷಧಿಗೆ ಚರ್ಮ ಬಿಸಿಲು ತಡ್ಕೊಳ್ಳಲ್ಲ, ರೇಡಿಯೇಷನ್ ಕೊಟ್ಟ ಜಾಗ ಅಂತೂ ಮುಚ್ಚೇ ಇರಬೇಕು, ಹೆಂಗೂ ಫೋಟೋಗೆ ಬೆಳಗಿನ, ಸಂಜೆಯ ಓರೆ ಬೆಳಕೇ ಚೆಂದ, ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ಯಾವ ಹೂವೂ ಚೆನ್ನಾಗಿ ಬರಲ್ಲ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದ್ರೆ 100.4 ಫ್ಯಾರನ್‌ಹೀಟ್ ಮುಟ್ಟಿದ್ರೆ ಫೋಟೋ ಗೀಟೋ ಎಲ್ಲಾ ಪಕ್ಕಕ್ಕಿಟ್ಟು ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ, ರಾತ್ರಿ ಆದ್ರೂ ಸರಿ, ಬೆಳಗಾಗಲಿ ಅಂತ ಕಾಯಬೇಡಿ.

ಕ್ಯಾಮೆರಾ ವಿಷಯ ಕೀಮೋ ಎಲ್ಲಾ ಮುಗಿದು ಕೆಲವು ತಿಂಗಳಾದ್ಮೇಲೆ ಬರೀರಿ, ಅವಾಗಿನ ಕೈ ನೋಡ್ಕೊಂಡು ಮಾತಾಡೋಣ.

ಪ್ರಶ್ನೆ: ಅಪ್ಪನಿಗೆ ಕರುಳಿನ ಕ್ಯಾನ್ಸರ್, ಆಕ್ಸಾಲಿಪ್ಲಾಟಿನ್ ಅನ್ನೋ ಕೀಮೋ ಔಷಧಿ ಕೊಡ್ತಿದಾರೆ. ವಯಸ್ಸಲ್ಲಿ ಫಿಲ್ಮ್ ಕ್ಯಾಮೆರಾ ಇಟ್ಕೊಂಡು ಚೆನ್ನಾಗಿ ಫೋಟೋ ತೆಗೀತಿದ್ರು. ಈಗ ಅದೇ ಕ್ಯಾಮೆರಾ ಹೊರಗೆ ತೆಗೆದು ಕೊಟ್ರೆ ಮುಟ್ಟಿ ವಾಪಸ್ ಇಟ್ಬಿಟ್ರು, ಮಾತೂ ಆಡ್ಲಿಲ್ಲ. ಒತ್ತಾಯ ಮಾಡ್ಲಾ?

ಉತ್ತರ: ಬೇಡ. ಆದ್ರೆ ಮೊದ್ಲು ಒಂದು ವಿಷಯ ವಿಚಾರಿಸಿ, ಅವರು ಕ್ಯಾಮೆರಾ ವಾಪಸ್ ಇಟ್ಟಿದ್ದು ಬೇಜಾರಿಗೇ ಇರಬೇಕು ಅಂತೇನಿಲ್ಲ. ಆಕ್ಸಾಲಿಪ್ಲಾಟಿನ್ ತಗೊಂಡ ಮೇಲೆ ಕೆಲವು ದಿನ ತಣ್ಣಗಿರೋದು ಯಾವ್ದು ಮುಟ್ಟಿದ್ರೂ ಬೆರಳಿಗೆ ಸೂಜಿ ಚುಚ್ಚಿದಂಗೆ ಆಗುತ್ತೆ, ಹಳೇ ಫಿಲ್ಮ್ ಕ್ಯಾಮೆರಾಗಳಲ್ಲಿ ಎಷ್ಟೋ ಲೋಹದ್ದೇ. ಮುಟ್ಟಿದ ಕೂಡ್ಲೇ ನೋವಾಗಿರಬಹುದು, ಹೇಳ್ಕೊಳ್ಳೋ ಅಭ್ಯಾಸ ಇಲ್ಲದೋರು ಸುಮ್ನೆ ಇಟ್ಬಿಡ್ತಾರೆ. ತೆಳು ಗ್ಲೌಸ್ ಕೊಟ್ಟು, ಕ್ಯಾಮೆರಾನ ಸ್ವಲ್ಪ ಹೊತ್ತು ಬಟ್ಟೇಲಿ ಸುತ್ತಿಟ್ಟು, ಕೀಮೋ ಆಗಿ ಒಂದು ವಾರ ಕಳೆದ್ಮೇಲೆ ಮೇಜಿನ ಮೇಲೆ ಇಟ್ಟು ಹೋಗಿ ನೋಡಿ.

ಅಷ್ಟಾದ್ರೂ ಬೇಡ ಅಂದ್ರೆ ಬಿಟ್ಬಿಡಿ ತಮ್ಮ. ಮೊದ್ಲು ಚೆನ್ನಾಗಿ ಮಾಡ್ತಿದ್ದ ಕೆಲಸ ಈಗ ಆಗಲ್ಲ ಅಂತ ಕೈ ಹೇಳೋದನ್ನ ಎದುರಿಸೋದು, ಹೊಸದಾಗಿ ಕಲಿಯೋರಿಗಿಂತ ಅವರಿಗೆ ಕಷ್ಟ. ಅದರ ಬದ್ಲು ನೀವು ಕಲೀರಿ, ಅವರ ಹತ್ರ ಕೇಳಿ. "ಅಪ್ಪ, ಈ ಬೆಳಕಿಗೆ ಶಟರ್ ಎಷ್ಟು ಇಡ್ಲಿ" ಅಂತ. 50 ಎಂಎಂ ಲೆನ್ಸ್ ಕೈಯಲ್ಲಿ ಹಿಡಿದ್ರೆ ಶಟರ್ 1/50 ಸೆಕೆಂಡಿಗಿಂತ ನಿಧಾನ ಬೇಡ ಅನ್ನೋದು ಹಳೇ ಲೆಕ್ಕ, ಅವರಿಗೆ ಇದೆಲ್ಲ ಬಾಯಿಪಾಠ ಇರುತ್ತೆ. ಉತ್ತರ ಕೊಟ್ರೆ ಕೊಡ್ಲಿ, ಕೊಡದಿದ್ರೂ ನೀವು ಕಲಿತಿರ್ತೀರ.

ಪ್ರಶ್ನೆ: ನನ್ನ ಕೂದಲು ಉದುರೋದು, ಆಮೇಲೆ ಬೋಳುತಲೆ, ಗಾಯದ ಗುರುತು ಎಲ್ಲಾ ನಾನೇ ಫೋಟೋ ತೆಕ್ಕೋಬೇಕು ಅನ್ಸುತ್ತೆ. ಮನೇಲಿ "ಅದನ್ನೆಲ್ಲ ಯಾಕೆ ನೆನಪಿಟ್ಕೋತೀಯ, ಚೆನ್ನಾಗಿದ್ದಾಗಿನ ಫೋಟೋ ಇಟ್ಕೋ" ಅಂತಾರೆ. ನಾನು ಯೋಚಿಸ್ತಿರೋದು ತಪ್ಪಾ?

ಉತ್ತರ: ಖಂಡಿತ ತಪ್ಪಲ್ಲ. ಮನೆಯವರು ಹೇಳೋದು ಅವರ ನೋವಿಂದ, ಅದನ್ನೂ ಅರ್ಥ ಮಾಡ್ಕೊಳ್ಳಿ, ಆದ್ರೆ ಈ ಮೈ ನಿಮ್ಮದು. ದಿನಾ ಯಾರ್ಯಾರೋ ಸ್ಕ್ಯಾನ್ ಮಾಡ್ತಾರೆ, ಅಳೀತಾರೆ, ಗುರುತು ಹಾಕ್ತಾರೆ, ಅದೆಲ್ಲ ನಿಮ್ಮ ಒಳ್ಳೇದಕ್ಕೇ, ಆದ್ರೂ ಒಂದು ಫೋಟೋನಾದ್ರೂ ನೀವು ನೋಡಿದ ಹಾಗೆ ಇರಲಿ ಅನ್ನೋ ಆಸೆ ನ್ಯಾಯವಾದ್ದು. ಬ್ರಿಟನ್ನಿನ ಜೋ ಸ್ಪೆನ್ಸ್ ಅನ್ನೋ ಫೋಟೋಗ್ರಾಫರ್‌ಗೆ 1982ರಲ್ಲಿ ಸ್ತನ ಕ್ಯಾನ್ಸರ್ ಅಂತ ಗೊತ್ತಾಯ್ತು. ಆಪರೇಷನ್‌ಗೆ ಮುಂಚೆ "ಇದು ಜೋ ಸ್ಪೆನ್ಸ್ ಸ್ವತ್ತಾ?" ಅಂತ ಎದೆ ಮೇಲೆ ಬರೆದು ಫೋಟೋ ಮಾಡಿಸ್ಕೊಂಡ್ರು, ಆಮೇಲೆ ಕ್ಯಾಮೆರಾನ ತಮ್ಮ ಕಾಯಿಲೆ ಅರ್ಥ ಮಾಡ್ಕೊಳ್ಳೋ ದಾರಿ ಮಾಡ್ಕೊಂಡು ವರ್ಷಗಟ್ಟಲೆ ಕೆಲಸ ಮಾಡಿದ್ರು. ಅಮೆರಿಕದ ಕಲಾವಿದೆ ಮಟುಷ್ಕಾ ತಮ್ಮ ಸ್ತನ ತೆಗೆದ ಗಾಯದ ಗುರುತು ಕಾಣೋ ಹಾಗೆ ತಾವೇ ತೆಕ್ಕೊಂಡ ಫೋಟೋ 1993ರಲ್ಲಿ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜಿನ್ ಮುಖಪುಟಕ್ಕೇ ಬಂತು.

ನೀವು ಯಾರಿಗೂ ತೋರಿಸಬೇಕಾಗಿಲ್ಲ, ಇದು ಬಹಳ ಮುಖ್ಯ. ತೆಗೆಯೋಕೆ ಮುಂಚೆ ಫೋನಲ್ಲಿ ಆಟೋ ಬ್ಯಾಕಪ್ ಎಲ್ಲಿಗೆ ಹೋಗುತ್ತೆ ನೋಡಿ, ಎಷ್ಟೋ ಮನೆಗಳಲ್ಲಿ ಎಲ್ರೂ ಒಂದೇ ಅಕೌಂಟ್ ಬಳಸ್ತಾರೆ, ನೀವು ಬಾತ್‌ರೂಮ್ ಕನ್ನಡಿ ಮುಂದೆ ತೆಗೆದ ಫೋಟೋ ಹಾಲ್‌ನ ಟೀವಿ ಮೇಲೆ ಬಂದ್ಬಿಟ್ರೆ? ಲಾಕ್ ಇರೋ ಫೋಲ್ಡರ್‌ಗೆ ಹಾಕಿ, ಬೆರಳಚ್ಚಿನ ಜೊತೆ ಪಿನ್ ನಂಬರೂ ಇಟ್ಕೊಳ್ಳಿ, ಕ್ಯಾಪೆಸಿಟಬಿನ್ ತರದ ಮಾತ್ರೆ ತಗೊಳ್ಳೋರಿಗೆ ಬೆರಳ ಚರ್ಮ ಸುಲಿದು ಬೆರಳಚ್ಚೇ ಸಿಗದೆ ಹೋಗಿದ್ದುಂಟು. ತೆಗೆದ ದಿನವೇ ನೋಡಬೇಕು ಅಂತಿಲ್ಲ. ನೋಡಿದ್ರೆ ಎದೆ ಭಾರ ಆಗುತ್ತೆ, ನಿದ್ದೆ ಕೆಡುತ್ತೆ ಅನ್ಸಿದ್ರೆ ನಿಲ್ಸಿ, ಆಸ್ಪತ್ರೆಯ ಕೌನ್ಸೆಲರ್ ಹತ್ರ ಮಾತಾಡಿ.

ಹೇಗೆ ತೆಗೀಬೇಕು ಅಂದ್ರೆ, ಸೆಲ್ಫಿ ಬೇಡ, ತೀರಾ ಹತ್ರದಿಂದ ಮುಖದ ಆಕಾರ ಕೆಡುತ್ತೆ, ಫೋನ್ ನಾಲ್ಕೈದು ಅಡಿ ದೂರ ಇಟ್ಟು ಟೈಮರ್ ಹಾಕಿ ಕಿಟಕಿಗೆ ಪಕ್ಕವಾಗಿ ಕೂತ್ಕೊಳ್ಳಿ. ಬ್ಯೂಟಿ ಫಿಲ್ಟರ್ ಆಫ್ ಮಾಡಿ.

ಪ್ರಶ್ನೆ: ಆಸ್ಪತ್ರೆಯಲ್ಲಿ ಕೀಮೋ ಹಾಕಿಸ್ಕೊಳ್ಳೋ ನಾಲ್ಕೈದು ಗಂಟೆ ಫೋಟೋ ತೆಗೀಬಹುದಾ? ರೇಡಿಯೇಷನ್ ರೂಮಲ್ಲಿ?

ಉತ್ತರ: ಮೊದ್ಲು ನರ್ಸ್ ಹತ್ರ ಕೇಳಿ, ಒಂದೊಂದು ಕಡೆ ಒಂದೊಂದು ರೂಲ್ಸು. ಪಕ್ಕದ ಚೇರಲ್ಲಿರೋರ ಮುಖ, ಹೆಸರಿರೋ ಚೀಟಿ, ಫೈಲ್ ಯಾವ್ದೂ ಬರಬಾರ್ದು, ಹಿನ್ನೆಲೆಯಲ್ಲಿ ಮಸುಕಾಗಿದೆ ಅಂತನೂ ಬಿಡಬೇಡಿ, ಅವರು ಕಾಯಿಲೆ ವಿಷಯ ಯಾರಿಗೂ ಹೇಳಿರದೇ ಇರಬಹುದು. ಫ್ಲಾಶ್ ಬೇಡ, ಕ್ಲಿಕ್ ಸೌಂಡ್ ಆಫ್. ಹತ್ರದ್ದು ತೆಗೀರಿ, ಡ್ರಿಪ್ ಚೇಂಬರಲ್ಲಿ ಬೀಳೋ ಹನಿ, ಹೊದಿಕೆಯ ಮಡಿಕೆ, ನಿಮ್ಮದೇ ಕೈ. ಹನಿ ಬೀಳೋದನ್ನ ಸರಿಯಾಗಿ ಹಿಡಿಯೋಕೆ ಬರ್ಸ್ಟ್ ಮೋಡ್ (ಒಂದರ ಹಿಂದೆ ಒಂದು ಬೇಗ ಬೇಗ ಫೋಟೋ ತೆಗಿಯೋದು) ಹಾಕಿ, ಇಲ್ಲಾಂದ್ರೆ ಸಿಗಲ್ಲ. ಡ್ರಿಪ್ ಇರೋ ಕೈ ಮಾತ್ರ ಅಲುಗಾಡಿಸ್ಬೇಡಿ, ಸೂಜಿ ಜಾಗದಲ್ಲಿ ಉರಿ, ನೋವು, ಊತ ಬಂದ್ರೆ ತಕ್ಷಣ ಕರೀರಿ.

ಎಂಆರ್‌ಐ ರೂಮಿಗೆ ಫೋನು, ಕ್ಯಾಮೆರಾ ಯಾವತ್ತೂ ತಗೊಂಡು ಹೋಗಬಾರ್ದು, ಆ ಮೆಷಿನ್ ಒಳಗಿರೋ ಜೋರು ಮ್ಯಾಗ್ನೆಟ್ ಸ್ಕ್ಯಾನ್ ಇಲ್ಲದಾಗಲೂ ಆನ್ ಆಗೇ ಇರುತ್ತೆ. ರೇಡಿಯೇಷನ್ ರೂಮಲ್ಲಿ ಟ್ರೀಟ್ಮೆಂಟ್ ಹೊತ್ತಿಗೆ ನೀವು ಅಲುಗಾಡದೆ ಇರಬೇಕು, ಹಾಗಾಗಿ ಅದು ಸಾಧ್ಯ ಇಲ್ಲ, ಮೆಷಿನ್ ಫೋಟೋ ಬೇಕು ಅಂದ್ರೆ ಮುಗಿದ ಮೇಲೆ ಟೆಕ್ನಿಷಿಯನ್ ಹತ್ರ ಕೇಳಿ, ಮುಂದಿನ ಪೇಷಂಟ್ ಕಾಯ್ತಿಲ್ಲ ಅಂದ್ರೆ ಒಪ್ಪಬಹುದು. ನಿಮ್ಮದು ತಲೆ, ಕುತ್ತಿಗೆ ರೇಡಿಯೇಷನ್ ಆಗಿದ್ರೆ ನಿಮ್ಮ ಮುಖದ ಅಳತೆಗೇ ಮಾಡಿದ ಪ್ಲಾಸ್ಟಿಕ್ ಮಾಸ್ಕ್ ಇರುತ್ತೆ, ಕೊನೇ ದಿನ ಕೇಳಿದ್ರೆ ತುಂಬಾ ಕಡೆ ಮನೆಗೆ ಕೊಟ್ಟುಬಿಡ್ತಾರೆ. ಅದರ ತುಂಬಾ ಸಣ್ಣ ಸಣ್ಣ ತೂತು ಇರುತ್ತೆ, ಹಿಂದಿನಿಂದ ಒಂದು ಟಾರ್ಚ್ ಹಾಕಿ ಗೋಡೆ ಮೇಲೆ ಬೀಳೋ ನೆರಳು ತೆಗೆದು ನೋಡಿ, ಚೆನ್ನಾಗಿ ಬಂದ್ರೆ ನಮಗೂ ಕಳ್ಸಿ.