"ಏನೂ ಇಲ್ಲ ಆಂಟಿ" ಅಂದುಬಿಟ್ಟೆ, ಈಗ ನಿದ್ದೆ ಬರುತ್ತಿಲ್ಲ

ಪ್ರಶ್ನೆ: ನಾನು ಕೋಲಾರದವಳು, 31 ವರ್ಷ, ಟೀಚರ್. ನನ್ನ ತಂಗಿಗೆ ತುಮಕೂರಿನ ಹುಡುಗನ ಜೊತೆ ಮದುವೆ ಗೊತ್ತಾಗಿದೆ. ಅವಳಿಗೆ ಪಿಯುಸಿ ಓದುವಾಗಿನಿಂದ ಫಿಟ್ಸ್ ಇದೆ. ದಿನಾ ಎರಡು ಹೊತ್ತು ಮಾತ್ರೆ ತಗೊಳ್ಳುತ್ತಾಳೆ, ಮೂರು ವರ್ಷದಿಂದ ಒಂದು ಸಲವೂ ಬಂದಿಲ್ಲ. ಗಂಡಿನ ಕಡೆಯವರಿಗೆ ನಾವು ಹೇಳಿಲ್ಲ. ಹೋದ ವಾರ ಹುಡುಗನ ತಾಯಿ ನನಗೇ ಫೋನ್ ಮಾಡಿ, "ನೀನು ನನ್ನ ಮಗಳಿದ್ದ ಹಾಗೆ ಕಣಮ್ಮ, ಹುಡುಗಿಗೆ ಆರೋಗ್ಯದ ತೊಂದರೆ ಏನಾದ್ರೂ ಇದೆಯಾ?" ಎಂದು ಕೇಳಿದರು. "ಏನೂ ಇಲ್ಲ ಆಂಟಿ" ಅಂದುಬಿಟ್ಟೆ. ಅಮ್ಮ "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ಸುಮ್ನಿರು" ಎನ್ನುತ್ತಾರೆ. ದೊಡ್ಡಪ್ಪ "ಮತ್ತೆ ಕೇಳಿದರೆ, ಚಿಕ್ಕಂದಿನಲ್ಲಿ ಜ್ವರ ಬಂದಾಗ ಒಂದೆರಡು ಸಲ ಬಂದಿತ್ತು ಅನ್ನೋಣ, ಅದೂ ನಿಜಾನೇ ತಾನೆ" ಎನ್ನುತ್ತಾರೆ. ಚರ್ಚಿನಲ್ಲಿ ಮದುವೆಯ ಮೊದಲನೇ ಪ್ರಕಟಣೆ ಓದಿ ಆಯಿತು, ಇನ್ನೆರಡು ಭಾನುವಾರ ಬಾಕಿ. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಹತ್ತು ಆಜ್ಞೆ ಕಲಿಸುವವಳು ನಾನು. ಏನು ಮಾಡಲಿ?
— ಒಬ್ಬ ಅಕ್ಕ, ಕೋಲಾರ

ಉತ್ತರ: ತಂಗೀ, ಹೇಳಲೇಬೇಕು. ಆದರೆ ಇದನ್ನು ಓದಿದ ತಕ್ಷಣ ತುಮಕೂರಿಗೆ ಫೋನ್ ಮಾಡಬೇಡಿ. ಪೂರ್ತಿ ಓದಿ.

ನಿಮ್ಮ ಪತ್ರದಲ್ಲಿ ಅಮ್ಮ ಮಾತಾಡಿದ್ದಾರೆ, ದೊಡ್ಡಪ್ಪ ಮಾತಾಡಿದ್ದಾರೆ, ಆಂಟಿ ಮಾತಾಡಿದ್ದಾರೆ. ಮದುವೆಯಾಗುವ ಹುಡುಗಿ ಒಂದು ಮಾತೂ ಆಡಿಲ್ಲ. ಅವಳನ್ನು ಯಾರಾದರೂ ಕೇಳಿದ್ದೀರಾ? ನನಗೆ ಜಾಸ್ತಿ ನೋವಾಗಿದ್ದು ಇದಕ್ಕೇ.

ದೊಡ್ಡಪ್ಪನ ಅರ್ಧ ನಿಜದಿಂದ ಶುರು ಮಾಡುತ್ತೇನೆ, ಯಾಕೆಂದರೆ ಅಂಥದ್ದೇ ಮಾತು ಆದಿಕಾಂಡದಲ್ಲಿದೆ. ಅಬ್ರಹಾಮ ಗೆರಾರಿಗೆ ಹೋದಾಗ ಜೀವಭಯದಿಂದ ಹೆಂಡತಿ ಸಾರಳನ್ನು ತಂಗಿ ಅಂದ. ಆಮೇಲೆ ರಾಜ ಅಬೀಮೆಲೆಕ ಕರೆದು ಕೇಳಿದರೆ, ಅವಳು ನನ್ನ ತಂದೆಯ ಮಗಳೇ, ತಾಯಿ ಮಾತ್ರ ಬೇರೆ ಅಂತ ಸಮಜಾಯಿಷಿ ಕೊಟ್ಟ. ಅಂದರೆ ಮಾತು ಸುಳ್ಳಲ್ಲ! ಆದರೂ ಕೇಳಿದವನು ಮೋಸಹೋದ. ಇದನ್ನು ನೀವು ಮಕ್ಕಳಿಗೆ ಕಲಿಸಿರಬಹುದು, ಆದರೆ ಈಗ ಸಾರಳ ಕಡೆಯಿಂದ ಒಂದು ಸಲ ನೋಡಿ. ಮಾತು ಆಡಿದ್ದು ಅಬ್ರಹಾಮ, ಇನ್ನೊಬ್ಬನ ಮನೆಗೆ ಹೋಗಬೇಕಾಗಿ ಬಂದಿದ್ದು ಅವಳು. ನಿಮ್ಮ ಮನೆಯಲ್ಲೂ ಸುಳ್ಳು ಹೇಳುವವರು ಮೂರು ಜನ. ಆ ಸುಳ್ಳನ್ನು ಕಟ್ಟಿಕೊಂಡು ತುಮಕೂರಿನ ಮನೆಯಲ್ಲಿ ಬಾಳಬೇಕಾದವಳು ನಿಮ್ಮ ತಂಗಿ ಒಬ್ಬಳೇ.

ಅಲ್ಲಿ ಅವಳು ಮಾತ್ರೆ ಎಲ್ಲಿಡುತ್ತಾಳೆ? ಸೀರೆ ಮಡಿಕೆಯೊಳಗಾ? ಯಾರಾದರೂ ನೋಡಿ ಏನಿದು ಅಂದರೆ ವಿಟಮಿನ್ ಅನ್ನುತ್ತಾಳಾ? ಇನ್ನು ಎರಡು ಹೊತ್ತೂ ಕದ್ದು ನುಂಗುವುದು ಕಷ್ಟವಾಗಿ ಒಂದು ದಿನ ಬಿಟ್ಟರೆ, ಜೊತೆಗೆ ಮದುವೆ ಮನೆಯ ನಿದ್ದೆಗೇಡು ಸೇರಿದರೆ, ಮೂರು ವರ್ಷ ಬಾರದ್ದು ಒಂದೇ ರಾತ್ರಿಗೆ ಬರಬಹುದು. ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಹೀಗೇ ಆಯಿತು. ಅಡುಗೆಮನೆಯಲ್ಲಿ ಬಿದ್ದು ಕೈ ಸುಟ್ಟುಕೊಂಡಳು. ಅತ್ತೆ ಗಾಬರಿಯಿಂದ ಬಾಯಿಗೆ ನೀರು ಹಾಕಿದರು, ಕೈಗೆ ಬೀಗದ ಕೈ ಗೊಂಚಲು ಕೊಟ್ಟರು. ಕಬ್ಬಿಣದಿಂದ ಏನೂ ಆಗುವುದಿಲ್ಲ, ನೀರಂತೂ ಉಸಿರುಗಟ್ಟಿಸಬಹುದು. ಮೊದಲೇ ಗೊತ್ತಿದ್ದರೆ ಆಯಮ್ಮ ಅವಳನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ಹಾಕದೆ ಕಾಯುತ್ತಿದ್ದರು. ಇನ್ನೊಂದು ವಿಷಯ, ಫಿಟ್ಸ್‌ಗೆ ಕೊಡುವ ಮಾತ್ರೆಗಳಲ್ಲಿ ವಾಲ್ಪ್ರೋಯೇಟ್‌ನಂಥ ಕೆಲವು ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ. ಬಸುರಿಯಾಗುವ ಮುಂಚೆಯೇ ಡಾಕ್ಟರು ಬದಲಾಯಿಸಿಕೊಡಬೇಕಾಗುತ್ತದೆ, ತಾನಾಗಿ ನಿಲ್ಲಿಸುವಂತೆಯೂ ಇಲ್ಲ. ಗಂಡನಿಗೇ ಗೊತ್ತಿಲ್ಲದಿದ್ದರೆ ಆ ಡಾಕ್ಟರ ಹತ್ತಿರ ಅವಳು ಯಾರ ಜೊತೆ ಹೋಗಬೇಕು ಹೇಳಿ?

ನಿಮಗೆ ನಿದ್ದೆ ಕೆಟ್ಟಿದ್ದು ಯಾಕೆಂದು ನನಗೆ ಗೊತ್ತು. ದೇವರು ಹಗೆ ಮಾಡುವ ಏಳು ಸಂಗತಿಗಳನ್ನು ಜ್ಞಾನೋಕ್ತಿಗಳು 6ನೇ ಅಧ್ಯಾಯ ಎಣಿಸುತ್ತದೆ. ಅದರಲ್ಲಿ ಸುಳ್ಳಿನ ನಾಲಿಗೆ ಒಂದು, ಸುಳ್ಳುಸಾಕ್ಷಿ ಇನ್ನೊಂದು. ಆದರೆ ಅದೇ ಪುಸ್ತಕದ 11ನೇ ಅಧ್ಯಾಯ, ಗುಟ್ಟು ರಟ್ಟು ಮಾಡುವವನು ಚಾಡಿಕೋರ, ನಂಬಿಗಸ್ತನು ಮುಚ್ಚಿಡುತ್ತಾನೆ ಎಂದೂ ಹೇಳುತ್ತದೆ. ನೀವು ಸಿಕ್ಕಿಕೊಂಡಿರುವುದು ಇವೆರಡರ ಮಧ್ಯೆ. ನನಗೆ ತೋಚುವುದು ಹೀಗೆ: ಕಾಯಿಲೆ ತಂಗಿಯದು, ಅದನ್ನು ಹೇಳಬೇಕಾದವಳು ಅವಳು. "ಏನೂ ಇಲ್ಲ" ಎಂಬ ಮಾತು ನಿಮ್ಮದು, ಅದನ್ನು ವಾಪಸ್ ತಗೊಳ್ಳಬೇಕಾದವರು ನೀವು. ಎರಡನ್ನೂ ನೀವೊಬ್ಬರೇ ಹೊತ್ತುಕೊಳ್ಳಬೇಡಿ.

ಹಾಗಾಗಿ ಈ ಶನಿವಾರ ತಂಗಿಯನ್ನು ಕರ್ಕೊಂಡು ಅಂತರಗಂಗೆ ಕಡೆ ಹೋಗಿ. ಮನೆಯಲ್ಲಿ ಬೇಡ, ಅಲ್ಲಿ ಗೋಡೆಗೂ ಕಿವಿ. ಮೆಟ್ಟಿಲ ಮೇಲೆ ಕೂತು, ಆಂಟಿ ಕೇಳಿದ್ದನ್ನೂ ನೀವು ಹೇಳಿದ್ದನ್ನೂ ಮೊದಲು ಒಪ್ಪಿಕೊಳ್ಳಿ. ಆಮೇಲೆ ಅವಳಿಗೆ ಏನನ್ನಿಸುತ್ತದೆ ಕೇಳಿ, ಮಧ್ಯೆ ಬಾಯಿ ಹಾಕದೆ ಕೇಳಿ. ಯಾರಾದರೂ ಕೇಳಲಿ ಅಂತ ಅವಳು ಕಾಯುತ್ತಿದ್ದರೂ ಇರಬಹುದು. ಅವಳು ಹುಡುಗನಿಗೆ ತಾನೇ ಹೇಳಲಿ. ಯಾವಾಗಿನಿಂದ ಇದೆ, ಯಾವ ಮಾತ್ರೆ, ಕೊನೆಯ ಸಲ ಯಾವಾಗ ಬಂತು, ಇಷ್ಟು ಸಾಕು. ಅಳುತ್ತಾ ತಪ್ಪಾಯಿತು ಅನ್ನುವುದು ಬೇಡ, ಕಾಯಿಲೆ ಬಂದಿದ್ದು ಅವಳ ತಪ್ಪಲ್ಲ. ಬೇಕಿದ್ದರೆ ಇಬ್ಬರೂ ಡಾಕ್ಟರ ಹತ್ತಿರ ಒಟ್ಟಿಗೆ ಹೋಗಿ ಬರಲಿ. ಸರಿಯಾದ ಚಿಕಿತ್ಸೆ ಸಿಕ್ಕರೆ 100ರಲ್ಲಿ 70 ಜನರವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಡಾಕ್ಟರ ಬಾಯಿಂದ ಕೇಳಿದರೆ ಆ ಹುಡುಗನಿಗೂ ಧೈರ್ಯ ಬರುತ್ತದೆ.

ಅವಳು ಹೇಳಿದ ಮೇಲೆ ನೀವು ಆಂಟಿಗೆ ಫೋನ್ ಮಾಡಿ. "ಆಂಟಿ, ನೀವು ಮಗಳ ಹಾಗೆ ಅಂದುಕೊಂಡು ಕೇಳಿದಿರಿ. ನಾನು ಹೆದರಿ ಸುಳ್ಳು ಹೇಳಿದೆ. ಕ್ಷಮಿಸಿ." ಇಷ್ಟೇ. ಅಮ್ಮನ ಮೇಲೆ, ದೊಡ್ಡಪ್ಪನ ಮೇಲೆ ಹಾಕಬೇಡಿ. ನೇರವಾದ ಉತ್ತರ ತುಟಿಗೆ ಕೊಟ್ಟ ಮುತ್ತಿನ ಹಾಗೆ ಎಂದು ಜ್ಞಾನೋಕ್ತಿ 24ರಲ್ಲಿದೆ. ಎಷ್ಟು ಸಲ ಓದಿದರೂ ನನಗೆ ಆ ಹೋಲಿಕೆ ಆಶ್ಚರ್ಯ ಅನ್ನಿಸುತ್ತದೆ. ನಿಜವನ್ನು ಏಟು ಅಂತ ನಾವು ಅಂದುಕೊಂಡಿರುತ್ತೇವೆ, ಅದನ್ನು ಬರೆದವರು ಪ್ರೀತಿ ಅಂದುಕೊಂಡಿದ್ದರು.

ತಂಗಿ ಒಪ್ಪದಿದ್ದರೆ? ಆಗಲೂ ಕಾಯಿಲೆಯ ಹೆಸರು ನಿಮ್ಮ ಬಾಯಿಂದ ಬರುವುದು ಬೇಡ. ಆದರೆ ಅವಳಿಗೆ ಮೊದಲೇ ತಿಳಿಸಿ, ಆಂಟಿಗೆ ಹೀಗೆ ಹೇಳಿ: "ಅವತ್ತು ನಾನು ಸರಿಯಾದ ಉತ್ತರ ಕೊಡಲಿಲ್ಲ. ಆ ಮಾತು ನಂಬಿಕೊಂಡು ಮುಂದುವರಿಯಬೇಡಿ, ಅವಳನ್ನೇ ಕೇಳಿ."

ಅಮ್ಮನ ಜೊತೆ ಜಗಳ ಮಾತ್ರ ಬೇಡ. ಅವರ ಹೆದರಿಕೆ ಸುಮ್ನೆ ಬಂದಿದ್ದಲ್ಲ. ಫಿಟ್ಸ್ ಇರುವ ಹುಡುಗಿ ಅಂದರೆ ಹಿಂದೆ ಸರಿಯುವವರನ್ನು ನಾವೆಲ್ಲ ನೋಡಿದ್ದೇವೆ, ಈ ಸಂಬಂಧವೂ ತಪ್ಪಿಹೋಗಬಹುದು. ಹಾಗಾಗುವುದಿಲ್ಲ ಎಂದು ನಿಮಗೆ ಧೈರ್ಯ ಹೇಳಿದರೆ ನಾನೂ ಸುಳ್ಳು ಹೇಳಿದಂತಾಗುತ್ತದೆ. ಆದರೆ ಅಮ್ಮನಿಗೆ ಒಂದು ವಿಷಯ ತಿಳಿಸಿ. ಹಿಂದೂ ವಿವಾಹ ಕಾಯ್ದೆಯಲ್ಲೂ ವಿಶೇಷ ವಿವಾಹ ಕಾಯ್ದೆಯಲ್ಲೂ ಮೂರ್ಛೆರೋಗ ಮದುವೆಗೆ ಅಡ್ಡಿ ಎಂದು ಮೊದಲು ಇತ್ತು, 1999ರಲ್ಲಿ ಅದನ್ನು ತೆಗೆದುಹಾಕಿದರು. ಚರ್ಚಿನಲ್ಲಿ ಮೂರು ಭಾನುವಾರ ಪ್ರಕಟಣೆ ಓದುವುದೂ ಅಡ್ಡಿ ಇದ್ದರೆ ಈಗಲೇ ಹೇಳಿ ಎಂದು ಕೇಳುವುದಕ್ಕೇ ಅಲ್ವಾ? ಫಿಟ್ಸ್ ಅಡ್ಡಿಯಲ್ಲ. ಅಡ್ಡಿಯಲ್ಲದ್ದನ್ನು ಬಚ್ಚಿಟ್ಟು ನಾವೇ ಅಡ್ಡಿ ಮಾಡಿಕೊಳ್ಳುತ್ತಿದ್ದೇವೆ.

ಎರಡನೇ ಪ್ರಕಟಣೆಗೆ ಮುಂಚೆ ಈ ಕೆಲಸ ಮುಗಿಯಲಿ. ಅವಳು ಹುಡುಗನ ಜೊತೆ ಮಾತಾಡಿದ ರಾತ್ರಿ ನೀವು ಅವಳ ಪಕ್ಕದಲ್ಲೇ ಮಲಗಿ. ಅಳುವಿನಲ್ಲಿ ರಾತ್ರಿಯ ಮಾತ್ರೆ ಮರೆತುಹೋಗದ ಹಾಗೆ ನೋಡಿಕೊಳ್ಳಿ.